ಮೆಣಸು ಕೊಟ್ಟು ಮದ್ದು ತಂದ ನವಾಬ: ಹೊನ್ನಾವರದ ಕಡೆಯಿಂದ ನೋಡಿದ ಹೈದರಾಲಿ

1768ರ ಬೇಸಿಗೆ. ಬಾಂಬೆಯಿಂದ ಹಡಗಿನಲ್ಲಿ ಬಂದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಂಗಳೂರನ್ನೂ ಹೊನ್ನಾವರವನ್ನೂ ಹಿಡಿದು ಕೂತಿತ್ತು. ಹೈದರಾಲಿಯ ಬಹುಪಾಲು ಸೈನ್ಯ ಆಗ ಘಟ್ಟದ ಆಚೆ, ಪೂರ್ವದ ಯುದ್ಧದಲ್ಲಿ. ಕರಾವಳಿಗೆ ಕಳಿಸೋಕೆ ಬೇಕಾದಷ್ಟು ಜನವೂ ಇಲ್ಲ, ಬಂದೂಕೂ ಇಲ್ಲ. ಆತ ಬಿದನೂರಿನಲ್ಲಿ 20,000 ಬಂದೂಕು ಮಾಡಿಸಿದ. ಕಬ್ಬಿಣದ್ದಲ್ಲ, ಕರಿಮರದ್ದು. ಉಜ್ಜಿ ಹೊಳಪು ಕೊಟ್ಟು, ದೂರದಿಂದ ನೋಡಿದರೆ ಅಸಲಿ ಬತ್ತಿ ಬಂದೂಕಿನ ಥರವೇ ಕಾಣುವಂತೆ ಮಾಡಿ, ಸುತ್ತಲಿನ ರೈತರ ಹೆಗಲಿಗೆ ಕೊಟ್ಟು, ಬಾವುಟ ಹಿಡಿಸಿ ಸಾಲಾಗಿ ನಡೆಸಿದ. ಕಂಪನಿಯ ಸೈನ್ಯ ಗಾಬರಿಗೆ ಬಿತ್ತು. ತನ್ನ ತೋಪುಗಳನ್ನೂ ಗಾಯಾಳುಗಳನ್ನೂ ಮಂಗಳೂರಿನಲ್ಲೇ ಬಿಟ್ಟು ಹಡಗು ಹತ್ತಿತು.

ಈ ಕಥೆ ಬರೆದಿಟ್ಟವನು ಮಾರ್ಕ್ ವಿಲ್ಕ್ಸ್. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ರಿಟಿಷ್ ಅಧಿಕಾರಿ. ಗೆದ್ದವರ ಕಡೆಯವನು, ಹಾಗಾಗಿ ಅವನು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೆ ತನ್ನವರೇ ಮರದ ಬಂದೂಕಿಗೆ ಹೆದರಿ ಓಡಿದರು ಅಂತ ಸುಳ್ಳು ಹುಟ್ಟಿಸಿ ಬರೆಯುವುದರಿಂದ ಅವನಿಗೆ ಏನೂ ಲಾಭ ಇರಲಿಲ್ಲ.

ನಮ್ಮ ಟೈಮ್‌ಲೈನಿನಲ್ಲಿ ಹೈದರಾಲಿ ಅಂದ್ರೆ ಟಿಪ್ಪುವಿನ ಅಪ್ಪ, ಅಷ್ಟೇ. 2015ರಿಂದ 2019ರವರೆಗೆ ಪ್ರತಿ ನವೆಂಬರ್‌ನಲ್ಲಿ ಜಯಂತಿ ಬೇಕು, ಬೇಡ ಅಂತ ಜಗಳ ಆಯ್ತಲ್ಲ, ಅಲ್ಲಿ ಎರಡೂ ಕಡೆಯವರು ಮಗನನ್ನು ಎಳೆದಾಡಿದರು. ಅಪ್ಪನ ಸುದ್ದಿಗೆ ಯಾರೂ ಹೋಗಲಿಲ್ಲ. ಮೈಸೂರನ್ನು ಮದ್ದು, ಗುಂಡು, ಹಡಗುಗಳ ರಾಜ್ಯವಾಗಿ ಕಟ್ಟಿದವನು ಅಪ್ಪ. ಆ ಕಟ್ಟೋಣಕ್ಕೆ ಬೇಕಾದ ದುಡ್ಡಿನ ದಾರಿ ಹೊನ್ನಾವರ, ಭಟ್ಕಳ, ಕುಮಟೆಯ ಅಳಿವೆಗಳಲ್ಲಿತ್ತು. ಶರಾವತಿ ದಾಟುವಾಗ, ಮಿರ್ಜಾನ್ ಕೋಟೆಯಲ್ಲಿ ರೀಲ್ಸ್ ಮಾಡುವಾಗ ನಮಗದು ನೆನಪಾಗಲ್ಲ.

ಹೈದರ್ ಹುಟ್ಟಿದ್ದು ಕೋಲಾರದ ಬೂದಿಕೋಟೆಯಲ್ಲಿ, 1720ರ ಆಸುಪಾಸು. ಇಸವಿಯ ಬಗ್ಗೆ ಜಗಳ ಇದೆ, ಇರ್ಲಿ. ಅಪ್ಪ ಫತೇ ಮಹಮ್ಮದ್ ಸಿಪಾಯಿ ಕೆಲಸದವನು. ಆರ್ಕಾಟಿನ ನವಾಬನ ಸೈನ್ಯದಲ್ಲಿ ಬಾಣ ಹಾರಿಸುವ 50 ಜನರ ತುಕಡಿಯ ಮುಖಂಡನಾಗಿದ್ದ ಅನ್ನುತ್ತಾರೆ. ಬಾಣ ಅಂದ್ರೆ ಬಿಲ್ಲಿನದ್ದಲ್ಲ, ಮದ್ದಿನದ್ದು, ರಾಕೆಟ್. ಟಿಪ್ಪು ರಾಕೆಟ್ ಕಂಡುಹಿಡಿದ ಅಂತ ವಾಟ್ಸಾಪಿನಲ್ಲಿ ಓಡಾಡುವ ಕಥೆಗೆ ಇಲ್ಲೇ ಒಂದು ತಿದ್ದುಪಡಿ ಹಾಕಿಕೊಳ್ಳಿ. ಅದು ಆ ಮನೆಯಲ್ಲಿ ಕನಿಷ್ಠ ಮೂರು ತಲೆಮಾರಿನ ಕಸುಬು.

ಅಪ್ಪ ಯುದ್ಧದಲ್ಲಿ ಸತ್ತ. ಸಾಲ ಉಳಿಯಿತು. ದೊಡ್ಡಬಳ್ಳಾಪುರದ ಜಹಗೀರುದಾರ ಆ ಸಾಲ ವಸೂಲಿಗೆ ಹೈದರನನ್ನೂ ಅಣ್ಣ ಶಹಬಾಜನನ್ನೂ ಹಿಡಿದು, ನಗಾರಿಯೊಳಗೆ ತುರುಕಿ ಮೇಲಿಂದ ಬಡಿಸಿದನಂತೆ. ಟಿಪ್ಪುವಿನ ಕಾಲದ ಚರಿತ್ರೆಕಾರ ಕಿರ್ಮಾನಿ ಇದನ್ನು ಬರೆದಿದ್ದಾನೆ. ಆ ಹುಡುಗ ಮುಂದೆ ಅಧಿಕಾರಕ್ಕೆ ಬಂದ ಮೇಲೆ ದೊಡ್ಡಬಳ್ಳಾಪುರಕ್ಕೆ ಮರಳಿ ಹೋದ. ಜಹಗೀರುದಾರ ಅಷ್ಟರಲ್ಲಿ ಓಡಿಹೋಗಿದ್ದ.

ಓದು ಬರಹ ಕಲಿಯಲಿಲ್ಲ. ಸಹಿಗೆ ತನ್ನ ಹೆಸರಿನ ಮೊದಲ ಅಕ್ಷರ ಒಂದನ್ನೇ ಗೀಚುತ್ತಿದ್ದ, ಅದೂ ತಿರುಗುಮುರುಗಾಗಿ. ಆದರೆ ಲೆಕ್ಕ ಬಾಯಲ್ಲೇ ಇತ್ತು, ನೆನಪು ವಿಪರೀತ ಚುರುಕು. ಅರ್ಜಿ ಓದಿಸುತ್ತ, ಪತ್ರ ಬರೆಸುತ್ತ, ಇನ್ಯಾರದೋ ಮಾತು ಕೇಳುತ್ತ ಎಲ್ಲವನ್ನೂ ಒಟ್ಟಿಗೆ ನಡೆಸುತ್ತಿದ್ದ ಅಂತ ಅವನನ್ನು ಕಂಡವರು ಬರೆದಿದ್ದಾರೆ.

1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ದೇವನಹಳ್ಳಿಗೆ ಮುತ್ತಿಗೆ ಹಾಕಿದಾಗ ಹೈದರ್ ಕಣ್ಣಿಗೆ ಬಿದ್ದ. 50 ಕುದುರೆ, 200 ಕಾಲಾಳು ಕೈಗೆ ಬಂದವು. ಅಸಲಿ ಜಿಗಿತ ಆಗಿದ್ದು ಮರುವರ್ಷ. ಹೈದರಾಬಾದಿನ ನಾಸಿರ್ ಜಂಗ್ 1750ರ ಡಿಸೆಂಬರಿನಲ್ಲಿ ಜಿಂಜಿಯ ಹತ್ತಿರ ಕೊಲೆಯಾದ, ಶಿಬಿರವೆಲ್ಲ ಲೂಟಿ. ಹೈದರನ ಕೈಕೆಳಗಿನ ಬೇಡರು ಖಜಾನೆಯ ಒಂದಷ್ಟು ಒಂಟೆಗಳನ್ನು ಹೊಡೆದುಕೊಂಡು ಬಂದರು. ಆ ಗಲಾಟೆಯಲ್ಲಿ 300 ಕುದುರೆ, 500 ಬಂದೂಕು ಕೂಡಾ ಅವನದಾದವು. ಬೇರೆ ಯಾರಾದರೂ ಆಗಿದ್ದರೆ ಚಿನ್ನದ ಲೆಕ್ಕ ಮಾಡಿ ಖುಷಿಪಡುತ್ತಿದ್ದರು. ಇವನು ಬಂದೂಕಿನ ಲೆಕ್ಕ ಇಟ್ಟ.

ಯಾಕೆ ಅಂತ ಸ್ವಲ್ಪ ಯಂತ್ರದ ಮಾತಿನಲ್ಲೇ ಹೇಳ್ತೀನಿ. ಎಂಜಿನಿಯರಿಂಗ್ ಓದಿದವರ ಚಾಳಿ, ಸಹಿಸಿಕೊಳ್ಳಿ. ನಮ್ಮ ಹಳೆಯ ಪಾಳೆಗಾರರ ಪಡೆಗಳಲ್ಲಿ ಇದ್ದದ್ದು ಬತ್ತಿ ಬಂದೂಕು. ಉರಿಯುವ ಹಗ್ಗದ ತುದಿಯನ್ನು ಮದ್ದಿಗೆ ಮುಟ್ಟಿಸಿದರೆ ಈಡು ಹಾರುತ್ತೆ. ಮಳೆ ಬಂದರೆ ಬತ್ತಿ ಆರುತ್ತೆ. ಮದ್ದಿನ ಚೀಲ ಸೊಂಟದಲ್ಲಿಟ್ಟುಕೊಂಡವರು ಉರಿಯುವ ಬತ್ತಿ ಹಿಡಿದು ಒತ್ತೊತ್ತಾಗಿ ನಿಲ್ಲುವ ಹಾಗೂ ಇಲ್ಲ, ಒಬ್ಬನ ಕಿಡಿ ಪಕ್ಕದವನ ಚೀಲಕ್ಕೆ ಹಾರಬಹುದು. ಪಾಂಡಿಚೇರಿಯ ಫ್ರೆಂಚರ ಹತ್ತಿರ ಇದ್ದದ್ದು ಚಕಮಕಿ ಬಂದೂಕು. ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ. ಬತ್ತಿ ಬೇಡ. ಸಿಪಾಯಿಗಳು ಹೆಗಲಿಗೆ ಹೆಗಲು ತಾಗಿಸಿ ಸಾಲಾಗಿ ನಿಲ್ಲಬಹುದು, ತುದಿಗೆ ಬಾಯೊನೆಟ್ ಸಿಕ್ಕಿಸಿದರೆ ಬಂದೂಕೇ ಭರ್ಜಿ.

ಇದರ ಜೊತೆಗೆ ಬಂದದ್ದು ಕಾಗದದ ತೋಟೆ. ತೋಟೆ ಅಂದ್ರೆ ನಮ್ಮ ಕಡೆ ಈಗ ಹಿತ್ತಾಳೆ ತಳದ, ಪ್ಲಾಸ್ಟಿಕ್ ಮೈಯ ಕಾರ್ಟ್ರಿಜ್ ನೆನಪಾಗುತ್ತೆ. ಆಗಿನದ್ದು ಬೆರಳುದ್ದದ ಕಾಗದದ ಸುರುಳಿ. ಒಳಗೆ ಒಂದು ಈಡಿಗೆ ಸರಿಯಾಗಿ ಅಳೆದ ಮದ್ದು, ಒಂದು ಸೀಸದ ಗುಂಡು. ಸಿಪಾಯಿ ಹಲ್ಲಿನಿಂದ ತುದಿ ಹರಿದು, ಚೂರು ಮದ್ದನ್ನು ಹೊರಗಿನ ಬಟ್ಟಲಿಗೆ ಉದುರಿಸಿ, ಉಳಿದದ್ದನ್ನು ನಳಿಗೆಗೆ ಸುರಿದು, ಗುಂಡನ್ನೂ ಕಾಗದವನ್ನೂ ಗಜದಿಂದ ಜಡಿಯಬೇಕು. ಪಳಗಿದವನು ಮಿನಿಟಿಗೆ ಎರಡು ಮೂರು ಈಡು ಹೊಡೆಯುತ್ತಿದ್ದ. 1857ರ ದಂಗೆಗೆ ಕಿಡಿ ಹೊತ್ತಿಸಿದ ಕೊಬ್ಬು ಸವರಿದ ತೋಟೆ ಇದೇ ವಂಶದ್ದು. ಇದನ್ನು ಹೊಡೆಯೋಕೆ ವೀರಾವೇಶ ಬೇಡ, ಕವಾಯತು ಬೇಕು. ತೋಟೆ ಸುತ್ತುವ ಕೈ ಬೇಕು, ಕಾಗದ ಬೇಕು, ಪೆಟ್ಲುಪ್ಪು, ಗಂಧಕ, ಇದ್ದಿಲು ಬೇಕು, ಸೀಸ ಬೇಕು, ತಿಂಗಳ ಸಂಬಳ ಬೇಕು. ಅಂದ್ರೆ ಕಾರ್ಖಾನೆ ಬೇಕು, ಖಜಾನೆ ಬೇಕು. ಭಾರತದ ದೊರೆಗಳಲ್ಲಿ ಇದು ಬೇಗ ಹೊಳೆದದ್ದು ಕೆಲವೇ ಜನಕ್ಕೆ, ಅವರಲ್ಲಿ ಈ ಅನಕ್ಷರಸ್ಥ ಮುಂಚಿನವನು.

1755ರ ಸುಮಾರಿಗೆ ದಿಂಡಿಗಲ್ಲಿನ ಫೌಜುದಾರನಾದಾಗ ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಶಸ್ತ್ರಾಗಾರ ಕಟ್ಟಿದ. ಅಲ್ಲಿಂದ ಆರು ವರ್ಷಕ್ಕೆ ಮೈಸೂರೇ ಅವನ ಮುಷ್ಟಿಯಲ್ಲಿತ್ತು. ಒಡೆಯರ್ ದೊರೆ ಸಿಂಹಾಸನದಲ್ಲೇ ಇದ್ದರು, ಅಧಿಕಾರ ಇವನದು. ತನ್ನ ವಿರುದ್ಧ ತಿರುಗಿಬಿದ್ದ ಹಳೆಯ ಆಪ್ತ ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿಟ್ಟು ಗಿಳಿಗೆ ಹಾಕಿದಂತೆ ಹಾಲು ಅನ್ನ ಹಾಕಿಸಿದ್ದು ಇದೇ ಹೊತ್ತಿನಲ್ಲಿ.

1763ರಲ್ಲಿ ಬಿದನೂರು ಬಿತ್ತು. ಕೆಳದಿ ಅರಸರ ಕೊನೆಯ ರಾಜಧಾನಿ, ರಾಣಿ ವೀರಮ್ಮಾಜಿಯ ಊರು. ಹೈದರ್ ಅದಕ್ಕೆ ತನ್ನ ಹೆಸರಿಟ್ಟು ಹೈದರನಗರ ಅಂದ. ಈಗಿನ ಹೊಸನಗರ ತಾಲೂಕಿನ ನಗರ. ಅಲ್ಲಿ ಟಂಕಸಾಲೆ ಮಾಡಿದ, ಶಸ್ತ್ರಾಗಾರ ಮಾಡಿದ. ಬಿದನೂರಿನ ಜೊತೆಗೆ ಅದರ ಕರಾವಳಿಯೂ ಬಂತು. ಮಂಗಳೂರು, ಭಟ್ಕಳ, ಹೊನ್ನಾವರ. ಸ್ವಲ್ಪದರಲ್ಲೇ ಸೋದೆಯೂ ಹೋಯಿತು, ಅಲ್ಲಿನ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ.

ಬಯಲುಸೀಮೆಯ ಸಿಪಾಯಿಯೊಬ್ಬನಿಗೆ ಸಮುದ್ರ ಸಿಕ್ಕಿತು. ಈ ಸಮುದ್ರದ ಬೆಲೆ ಅವನಿಗಿಂತ ಮುಂಚೆ ಬೇಕಾದಷ್ಟು ಜನಕ್ಕೆ ಗೊತ್ತಿತ್ತು. ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದದ್ದು ಭಟ್ಕಳ, ಹೊನ್ನಾವರದಲ್ಲಿ. 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳಕ್ಕೆ ಬಂದು ತೋಪಿನ ಬಲದಲ್ಲಿ ಕಪ್ಪ ಕೇಳಿದ್ದ. 1510ರಲ್ಲಿ ಆಲ್ಬುಕರ್ಕ್ ಗೋವೆ ಹಿಡಿಯಲು ಜೊತೆಗೆ ನಿಂತವನು ಹೊನ್ನಾವರದ ತಿಮ್ಮಯ್ಯ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಅವಳ ಹೆಸರಿನ ಜೊತೆ ತಳುಕು ಹಾಕಿಕೊಂಡಿರುವ ಕುಮಟೆ ಬಳಿಯ ಮಿರ್ಜಾನ್ ಕೋಟೆಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಸಿಕ್ಕಿದ್ದರಲ್ಲಿ ತೋಪಿನ ಗುಂಡುಗಳೂ ಇವೆ, ಚೀನಾದ ಪಿಂಗಾಣಿಯೂ ಇದೆ. ಘಟ್ಟದ ಮೇಲಿನ ಮೆಣಸು ಕೆಳಗಿಳಿಯುತ್ತೆ, ಹಡಗಿನಿಂದ ಕುದುರೆ, ಚಿನ್ನ, ಲೋಹ ಮೇಲೆ ಹತ್ತುತ್ತೆ. ಮುನ್ನೂರು ವರ್ಷದ ವ್ಯಾಪಾರ ಇದು.

ಹೈದರ್ ಆ ವ್ಯಾಪಾರದಲ್ಲಿ ಒಂದು ಬದಲಾವಣೆ ತಂದ. ಬಾಂಬೆಯ ಕಂಪನಿಯವರಿಗೆ ಮೆಣಸೂ ಶ್ರೀಗಂಧವೂ ಬೇಕು. ಬೆಳೆಯುವ ನೆಲ ಈಗ ಇವನದು. ಹೊನ್ನಾವರದಲ್ಲಿ ಕೋಠಿ ಇಟ್ಟುಕೊಳ್ಳಿ, ಆದರೆ ನನಗೆ ಬರೀ ನಾಣ್ಯ ಬೇಡ, ಬಂದೂಕು, ಸೀಸ, ಪೆಟ್ಲುಪ್ಪು ಬೇಕು ಅನ್ನುವುದು ಅವನ ಪಟ್ಟು. ಮದರಾಸಿನ ಕಂಪನಿಯವರು ಇವನನ್ನು ಶತ್ರು ಅಂತ ನೋಡುತ್ತಿದ್ದ ಕಾಲದಲ್ಲೇ ಬಾಂಬೆಯವರು ಮೆಣಸಿನ ಆಸೆಗೆ ಇವನ ಜೊತೆ ಮಾತಿಗೆ ಕೂರುತ್ತಿದ್ದರು. ಒಂದೇ ಕಂಪನಿ, ಎರಡು ಆಫೀಸು, ಎರಡು ನೀತಿ. ಈ ಬಿರುಕಿನಲ್ಲಿ ಬೆರಳು ಹಾಕಿ ಆಡುವುದು ಹೈದರನಿಗೆ ಚೆನ್ನಾಗಿ ಗೊತ್ತಿತ್ತು. ಫ್ರೆಂಚರ ಮಾಹೆಯಿಂದಲೂ ಮಾಲು ಬರುತ್ತಿತ್ತು.

ಹೊನ್ನಾವರದಲ್ಲಿ ಯುದ್ಧದ ಹಡಗು ಕಟ್ಟುವ ಕಟ್ಟೆ ಮಾಡಿಸಿದ. ಸಾಗುವಾನಿ ಘಟ್ಟದಲ್ಲೇ ಇತ್ತು, ಶರಾವತಿಯಲ್ಲಿ ತೇಲಿಸಿ ತಂದರಾಯ್ತು. 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಆ ಹಡಗುಕಟ್ಟೆಯನ್ನೂ, ನದಿಯಲ್ಲಿ ಮುಳುಗಿ ಉಳಿದ ಹಡಗಿನ ಅವಶೇಷಗಳನ್ನೂ ಬರೆದಿದ್ದಾನೆ. ಭಟ್ಕಳದಲ್ಲಿ 1770ರ ದಶಕದಲ್ಲಿ ಡಚ್ ಎಂಜಿನಿಯರೊಬ್ಬನನ್ನು ಇಟ್ಟು ದೊಡ್ಡ ಬಂದರು ಕಟ್ಟಿಸಲು ಹೊರಟ. ಅದು ಪೂರ್ತಿಯಾಗಲಿಲ್ಲ.

ಹಡಗಿನ ವಿಷಯದಲ್ಲಿ ಮಾತ್ರ ಅವನ ಲೆಕ್ಕ ತಪ್ಪಿತು. ನೌಕಾಪಡೆ ಕಟ್ಟಿದ, ಅದರ ಮೇಲೆ ಲುತ್ಫ್ ಅಲಿ ಬೇಗ್ ಅನ್ನುವ ಕುದುರೆ ಸರದಾರನನ್ನು ಕೂರಿಸಿದ. ಹಡಗಿನ ಕಪ್ತಾನರಿಗೆ ಕೋಪ ಬಂತು. 1768ರ ಶುರುವಿನಲ್ಲಿ ಬಾಂಬೆಯ ಹಡಗುಗಳು ಹೊನ್ನಾವರದ ಹತ್ತಿರ ಕಂಡಾಗ ಹೈದರನ ಹಡಗುಗಳು ಒಂದೂ ಗುಂಡು ಹಾರಿಸದೆ ಹೋಗಿ ಅವರ ಜೊತೆ ಸೇರಿಕೊಂಡವು. ಮಂಗಳೂರು, ಹೊನ್ನಾವರ ಕೈತಪ್ಪಿದ್ದು ಹಾಗೆ. ಮರದ ಬಂದೂಕಿನ ನಾಟಕ ಬೇಕಾಗಿ ಬಂದದ್ದೂ ಅದಕ್ಕೇ.

ಯುದ್ಧ ಮುಗಿದದ್ದು 1769ರಲ್ಲಿ, ಹೈದರನ ಕುದುರೆಗಳು ಮದರಾಸಿನ ಬಾಗಿಲಿಗೆ ಬಂದು ನಿಂತ ಮೇಲೆ. ಒಪ್ಪಂದ ಅವನು ಹೇಳಿದಂತೆಯೇ ಆಯಿತು. ಒಬ್ಬರ ಮೇಲೆ ಯಾರಾದರೂ ಬಂದರೆ ಇನ್ನೊಬ್ಬರು ನೆರವಿಗೆ ಬರಬೇಕು. ಎರಡೇ ವರ್ಷಕ್ಕೆ ಮರಾಠರು ಮೇಲುಕೋಟೆ ಹತ್ತಿರ ಚಿನಕುರಳಿಯಲ್ಲಿ ಇವನ ಸೈನ್ಯವನ್ನು ಚಿಂದಿ ಮಾಡಿದರು. ಕಂಪನಿ ಬರಲಿಲ್ಲ. ಈ ಸೇಡು ಅವನಲ್ಲಿ ಹತ್ತು ವರ್ಷ ಉರಿಯಿತು.

ಇಷ್ಟು ಓದಿ ಹೀರೋ ಸಿಕ್ಕಿದ ಅಂತ ಪೋಸ್ಟರ್ ಮಾಡಲು ಹೊರಟವರು ಒಂದು ನಿಮಿಷ ನಿಲ್ಲಿ. ಇದೇ ಬಂದೂಕಿನ ಪಡೆ 1766ರಲ್ಲಿ ಮಲಬಾರಿಗೆ ಹೋಯಿತು. ನಾಯರ್ ಬಂಡಾಯವನ್ನು ಮುರಿಯಲು ಕೊಲೆ, ಗಡೀಪಾರು ಎಲ್ಲ ನಡೆಯಿತು. ಊರಿಂದ ಎತ್ತಿ ಸಾಗಿಸಿದವರಲ್ಲಿ ದಾರಿಯಲ್ಲೇ ಸತ್ತವರು ಬಹಳ. 1773ರಲ್ಲಿ ಕೊಡಗಿನಲ್ಲಿ ತಲೆಗೆ ಐದು ರೂಪಾಯಿ ಇನಾಮು ಕಟ್ಟಿದ, ಸುಮಾರು 700 ತಲೆ ಬಂದವು ಅಂತ ಅದೇ ವಿಲ್ಕ್ಸ್ ಬರೆಯುತ್ತಾನೆ. ಮರದ ಬಂದೂಕಿನ ಕಥೆಗೆ ಅವನನ್ನು ನಂಬಿ ಇದಕ್ಕೆ ಮಾತ್ರ ನಂಬಲ್ಲ ಅನ್ನೋಕಾಗಲ್ಲ. 1779ರಲ್ಲಿ ಚಿತ್ರದುರ್ಗ ಬಿತ್ತು. ಮದಕರಿ ನಾಯಕ ಸೆರೆಯಾದ. ಜಿಂಜಿಯಲ್ಲಿ ಇವನ ಅದೃಷ್ಟ ತಂದುಕೊಟ್ಟವರು ಬೇಡರು ಅಂದೆನಲ್ಲ, ದುರ್ಗದ ಬೇಡರನ್ನು ಸಾವಿರ ಸಾವಿರ ಲೆಕ್ಕದಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ಮತಾಂತರಿಸಿ ಚೇಲಾ ದಳ ಅಂತ ಬಂದೂಕು ಕೊಟ್ಟು ನಿಲ್ಲಿಸಿದ.

ಇದನ್ನು ಬರೀ ಧರ್ಮದ ಲೆಕ್ಕದಲ್ಲಿ ಓದುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಅವನ ದಿವಾನರೂ ದಫ್ತರದವರೂ ಬಹುಪಾಲು ಬ್ರಾಹ್ಮಣರು. ಅವನು ಹೊಡೆದುರುಳಿಸಿದವರಲ್ಲಿ ಸವಣೂರು, ಕಡಪದ ಮುಸ್ಲಿಂ ನವಾಬರೂ ಇದ್ದಾರೆ. ಅವನಿಗೆ ಸಹಿಸಲಾಗದ್ದು ತನ್ನದಲ್ಲದ ಬಂದೂಕು. ಸ್ವಂತ ಆಯುಧ ಇಟ್ಟುಕೊಂಡ ಸಮುದಾಯ ತನ್ನ ರಾಜ್ಯದೊಳಗೆ ಇರಬಾರದು. ನಾಯರ್, ಕೊಡವ, ಬೇಡ ಮೂವರೂ ಆಯುಧ ಹಿಡಿದ ಸಮುದಾಯಗಳೇ. ಹಾಗಂತ ಸತ್ತವರಿಗೆ ಈ ವಿವರಣೆಯಿಂದ ಏನೂ ಆಗಬೇಕಾದ್ದಿಲ್ಲ, ಅವರ ಮೊಮ್ಮಕ್ಕಳು ಹೈದರನ ಹೆಸರು ಕೇಳಿ ಮುಖ ತಿರುಗಿಸಿದರೆ ಅದು ಅವರ ಹಕ್ಕು.

1779ರಲ್ಲಿ ಬ್ರಿಟಿಷರು ಮಾಹೆ ಹಿಡಿದರು. ಹೈದರನ ಮದ್ದುಗುಂಡಿನ ಒಂದು ಬಾಗಿಲು ಮುಚ್ಚಿತು. ಮರುವರ್ಷ ಅವನು ಆರ್ಕಾಟಿನ ಸೀಮೆಗೆ ಇಳಿದ. 1780ರ ಸೆಪ್ಟೆಂಬರ್ 10, ಪೊಳ್ಳಿಲೂರು. ಕರ್ನಲ್ ಬೈಲಿಯ ಪಡೆಯನ್ನು ಟಿಪ್ಪುವೂ ಹೈದರನೂ ಸುತ್ತುಗಟ್ಟಿದರು. ಬಾಣಗಳು ಹಾರಿದವು. ಕಂಪನಿಯ ಮದ್ದಿನ ಬಂಡಿಗಳು ಸಿಡಿದವು, ಆಮೇಲೆ ಬೈಲಿಯ ಸಿಪಾಯಿಗಳ ಬಂದೂಕಿಗೆ ಹಾಕೋಕೆ ಏನಿತ್ತು? ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಮೇಲೆ ಆ ಬಂಡಿ ಸಿಡಿಯುವ ಚಿತ್ರ ಇವತ್ತಿಗೂ ಇದೆ, ಮುಂದಿನ ಸಲ ಹೋದಾಗ ನೋಡಿ.

ಆ ಬಾಣದ ಗುಟ್ಟು ಮದ್ದಿನಲ್ಲಿರಲಿಲ್ಲ, ಕೊಳವೆಯಲ್ಲಿತ್ತು. ಯೂರೋಪಿನ ಬಾಣಬಿರುಸು ಕಾಗದದ ಕೊಳವೆಯದು, ಒತ್ತಡ ಹೆಚ್ಚಾದರೆ ಒಡೆಯುತ್ತೆ. ಮೈಸೂರಿನದ್ದು ಬಡಿದು ಮಾಡಿದ ಕಬ್ಬಿಣದ ಕೊಳವೆ. ಹೆಚ್ಚು ಮದ್ದು ಒತ್ತಿ ತುಂಬಬಹುದು, ಹೆಚ್ಚು ಒತ್ತಡ ತಡೆಯುತ್ತೆ, ಹಾಗಾಗಿ ದೂರ ಹೋಗುತ್ತೆ. ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ಮುಂದೆ ವುಲಿಚ್‌ನಲ್ಲಿ ನಕಲು ಮಾಡಿದ್ದು ಇದನ್ನೇ. ನಮ್ಮ ಕಮ್ಮಾರರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಆಮೇಲಿನದ್ದು ಇಳಿಜಾರು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿಗೆ ಬಂದು ಇವನ ಹಡಗುಗಳನ್ನು ಸುಟ್ಟ. 1781ರ ಜುಲೈನಲ್ಲಿ ಪೋರ್ಟೊ ನೋವೊದಲ್ಲಿ ಐರ್ ಕೂಟ್ ಎದುರು ಸೋಲು. ಬೆನ್ನಿನ ಮೇಲೆ ಎದ್ದ ಹುಣ್ಣು ಮಾಯಲೇ ಇಲ್ಲ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ಶಿಬಿರದಲ್ಲಿ ತೀರಿಕೊಂಡ. ಟಿಪ್ಪು ಆಗ ಮಲಬಾರಿನ ಕಡೆ ಇದ್ದ. ಸುದ್ದಿ ಹೊರಬಿದ್ದರೆ ಸೈನ್ಯ ಒಡೆಯುತ್ತೆ ಅಂತ ಮಂತ್ರಿಗಳು ಹೆಣವನ್ನು ಖಜಾನೆಯ ಪೆಟ್ಟಿಗೆಯಂತೆ ಪಹರೆ ಹಾಕಿ ಕೋಲಾರಕ್ಕೆ ಸಾಗಿಸಿದರು. ಅಲ್ಲಿಂದ ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ.

ಅವನು ಸತ್ತ ತಿಂಗಳೊಪ್ಪತ್ತಿನಲ್ಲಿ ಯುದ್ಧ ಮತ್ತೆ ಇದೇ ಕರಾವಳಿಗೆ ಬಂತು. ಜನರಲ್ ಮ್ಯಾಥ್ಯೂಸ್ ಕುಮಟೆ ಬಳಿಯ ಅಘನಾಶಿನಿ ಅಳಿವೆಯಲ್ಲಿ ಇಳಿದ, ಅಲ್ಲಿನ ಕೋಟೆ ಹಿಡಿದ, 1783ರ ಜನವರಿಯಲ್ಲಿ ಹೊನ್ನಾವರವನ್ನು ನುಗ್ಗಿ ಹಿಡಿದ. ಘಟ್ಟ ಹತ್ತಿ ಬಿದನೂರನ್ನೂ ತಗೊಂಡ. ಏಪ್ರಿಲ್ ಕೊನೆಗೆ ಟಿಪ್ಪು ಬಂದು ಬಿದನೂರನ್ನು ಕಿತ್ತುಕೊಂಡ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಹೊನ್ನಾವರದ ಕೋಟೆಯಲ್ಲಿ ಮಾತ್ರ ಟೊರಿಯಾನೊ ಅನ್ನುವ ಅಧಿಕಾರಿ ಮೈಸೂರಿನ ಮುತ್ತಿಗೆ ತಡೆದುಕೊಂಡು ಹತ್ತಿರ ಹತ್ತಿರ ಒಂದು ವರ್ಷ ಕೂತ. ಹಸಿವಿನಿಂದ, ಕಾಯಿಲೆಯಿಂದ ಒಳಗಿದ್ದವರು ಉದುರುತ್ತ ಹೋದರು. 1784ರ ಮಾರ್ಚಿನ ಮಂಗಳೂರು ಒಪ್ಪಂದ ಆದ ಮೇಲೆಯೇ ಕೋಟೆ ಬಿಟ್ಟುಕೊಟ್ಟದ್ದು. 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರಿನಲ್ಲಿ ಒಂದು ಇಡೀ ಮಳೆಗಾಲ ಮದ್ದನ್ನು ಒಣಗಿಸಿಟ್ಟುಕೊಳ್ಳುವುದೇ ಅರ್ಧ ಯುದ್ಧ ಆಗಿದ್ದಿರಬೇಕು.

ಈಗ ಆ ಆಯುಧಗಳು ಎಲ್ಲಿವೆ? ಒಂದಷ್ಟು ಲಂಡನ್ನಿನಲ್ಲಿ. ಶ್ರೀರಂಗಪಟ್ಟಣದ ಕಾರ್ಖಾನೆಯ ಬಂದೂಕುಗಳಿಗೆ ಟಿಪ್ಪು ಅಪ್ಪನ ಹೆಸರನ್ನೇ ಮುದ್ರೆ ಮಾಡಿದ್ದ. ನಳಿಗೆಯ ಮೇಲೆ ಹೈದರ್ ಅಂತ ಸಣ್ಣ ಗುರುತು. ಸಂಗ್ರಹಕಾರರು ಅಸಲಿ, ನಕಲಿ ಪತ್ತೆ ಹಚ್ಚಲು ಮೊದಲು ಹುಡುಕುವವುಗಳಲ್ಲಿ ಅದೂ ಒಂದು. 2015ರ ಏಪ್ರಿಲಿನಲ್ಲಿ ಬಾನಮ್ಸ್ ಹರಾಜಿನಲ್ಲಿ ಟಿಪ್ಪು ಕಾಲದ ಆಯುಧಗಳ ಒಂದು ಸಂಗ್ರಹ ಸುಮಾರು 60 ಲಕ್ಷ ಪೌಂಡಿಗೆ ಹೋಯಿತು. 2019ರಲ್ಲಿ ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದ ಬೆಳ್ಳಿ ಕೆಲಸದ ಚಕಮಕಿ ಬಂದೂಕು, ಬಾಯೊನೆಟ್ ಸಮೇತ, 60,000 ಪೌಂಡಿಗೆ ಮಾರಾಟವಾಯಿತು. ಸಹಿಗೆ ಒಂದೇ ಅಕ್ಷರ ತಿರುಚಿ ಬರೆಯುತ್ತಿದ್ದವನ ಪೂರ್ತಿ ಹೆಸರು ಈಗ ಹರಾಜಿನ ಕ್ಯಾಟಲಾಗಿನಲ್ಲಿ ಬೆಲೆ ಏರಿಸುವ ಗುರುತು.

ಇಲ್ಲಿ ಉಳಿದದ್ದು ಬೇರೆ ಥರದ್ದು. 2018ರ ಜುಲೈನಲ್ಲಿ ನಗರದ ಒಂದು ಪಾಳುಬಾವಿಯ ಕೆಸರು ತೆಗೆಯುವಾಗ ಮಣ್ಣಿಗೆ ಮದ್ದಿನ ವಾಸನೆ ಬಂತು. ಅಗೆದರೆ ಸಾವಿರಕ್ಕೂ ಹೆಚ್ಚು ಬಾಣಗಳು, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು, ರಾಶಿ ರಾಶಿ. ಶಿವಮೊಗ್ಗದ ಶಿವಪ್ಪನಾಯಕ ಅರಮನೆ ವಸ್ತುಸಂಗ್ರಹಾಲಯಕ್ಕೆ ಹೋದವು. ಹೊನ್ನಾವರದಿಂದ ಗೇರುಸೊಪ್ಪೆ ಮೇಲೆ ಬಸ್ಸಿನಲ್ಲಿ ಹೋದರೆ ಒಂದು ದಿನದಲ್ಲಿ ನೋಡಿಕೊಂಡು ಬರಬಹುದು.

ಹೈದರ್ ತಲೆಗೆ ಇನಾಮು ಕಟ್ಟಿದ್ದ ಕೊಡವರಿಗೆ ಬ್ರಿಟಿಷರು 1861ರಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯ್ತಿ ಕೊಟ್ಟರು. ಅದು ಇವತ್ತಿಗೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಅದಿಲ್ಲ. ಮಂಗ, ಹಂದಿ ಓಡಿಸಲು ಬೆಳೆ ರಕ್ಷಣೆ ಹೆಸರಿನಲ್ಲಿ ಲೈಸೆನ್ಸ್ ಪಡೆದ ಹಳೆಯ ಕೇಪಿನ ಕೋವಿ, ಇನ್ನೂ ನಳಿಗೆಯ ಬಾಯಿಂದಲೇ ಮದ್ದು ಜಡಿಯುವಂಥದ್ದು, ಪ್ರತಿ ಚುನಾವಣೆ ಬಂದಾಗಲೂ ಗೋಣಿಯಲ್ಲಿ ಸುತ್ತಿ ಠಾಣೆಗೆ ತಗೊಂಡು ಹೋಗಿ, ಚೀಟಿ ಬರೆಸಿಕೊಂಡು, ಜಮಾ ಮಾಡಿ ಬರಬೇಕು. ರಿಸಲ್ಟ್ ಬಂದ ಮೇಲೆ ಮತ್ತೆ ಕ್ಯೂ. ಅಷ್ಟರಲ್ಲಿ ಹಂದಿಗಳು ಗದ್ದೆ ಮುಗಿಸಿರುತ್ತವೆ.